ಮರಳಿನ ಅತ್ತೆ, ಮನೆಯ ಅತ್ತೆ

ಮದುವೆಯಾಗಿ ಬಂದ ಹೊಸತರಲ್ಲಿ, ಮನೆಯ ಯಾವ ಸ್ವಿಚ್ಚು ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂಬುದು ಕೂಡ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ, ಅವಳು ಅತ್ತೆಗೆ ಒಂದು ಮಾತು ಕೊಟ್ಟಿದ್ದಳು. ಅತ್ತೆಯ ಅಕ್ಕ ಆಸ್ಪತ್ರೆಯಲ್ಲಿ ಮಲಗಿದ್ದರು. ಇಬ್ಬರೂ ನೋಡಲು ಹೋಗಿದ್ದಾಗ ವಾರ್ಡಿನ ಇಬ್ಬರು ಆಳುಗಳು ಬಂದು, ಹಾಸಿದ್ದ ಬಟ್ಟೆಯ ನಾಲ್ಕು ಮೂಲೆ ಹಿಡಿದು, ತಮ್ಮ ರಜೆಯ ವಿಚಾರ ಮಾತಾಡಿಕೊಳ್ಳುತ್ತಲೇ ಆ ಮುದುಕಿಯನ್ನು ಈ ಮಂಚದಿಂದ ಆ ಮಂಚಕ್ಕೆ ಎತ್ತಿ ಹಾಕಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅತ್ತೆ ಗೋಡೆಯ ಕಡೆ ನೋಡುತ್ತ, "ನನ್ನನ್ನ ಹಾಗೆ ಎತ್ತಿಸಬೇಡ್ರಮ್ಮ" ಎಂದರು.

"ಅಯ್ಯೋ ಬಿಡಿ ಅತ್ತೆ. ಹೊರಗಿನವರು ಯಾಕೆ ಎತ್ತಬೇಕು? ನಾನಿಲ್ವಾ? ನಾನೇ ಎತ್ತೀನಿ" ಎಂದಳು ಹೊಸ ಸೊಸೆ.

ಮಾತಿಗೇನು ಸುಂಕ ಕಟ್ಟಬೇಕೆ? ಆಗ ಅತ್ತೆಯ ಎರಡು ಕಾಲೂ ಕಬ್ಬಿಣದಂತಿದ್ದವು. ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು ಹಿಡಿದು ಮೂರನೆಯ ಮಹಡಿ ಹತ್ತಿ, ಮೇಲಿಂದ ಬಗ್ಗಿ ನೋಡಿ, "ಇನ್ನೂ ಅಲ್ಲೇ ಇದ್ದೀಯಾ?" ಎಂದು ಕೆಣಕುತ್ತಿದ್ದ ಹೆಂಗಸು. ಸೊಸೆಯೋ, ಗಾಳಿ ಜೋರಾದರೆ ಕಿಟಕಿಯ ಸರಳು ಹಿಡಿದುಕೊಳ್ಳಬೇಕಾದಂಥ ಕಡ್ಡಿ. ಎತ್ತುವ ಕಾಲ ಬಂದಾಗ ನೋಡಿಕೊಂಡರಾಯಿತು ಎಂದುಕೊಂಡಳು.

ಕಾಲ ಬರಲು ಕರೆಯಬೇಕಾಗಿಲ್ಲ, ಬಂತು. ಒಂದು ಬೆಳಿಗ್ಗೆ ಅತ್ತೆಯ ಎಡಗಡೆಯ ಮೈಯೆಲ್ಲ ಜೋಮು ಹಿಡಿದು, ಬಾಯಿ ಓರೆಯಾಯಿತು. ಸೊಸೆಯ ಹೆಗಲಿಗೆ ಒರಗಿಕೊಂಡೇ ಆಸ್ಪತ್ರೆಗೆ ಹೋದರು, ಒರಗಿಕೊಂಡೇ ವಾಪಸು ಬಂದರು. ಬಾಯಿ ನೆಟ್ಟಗಾಯಿತು, ನಾಲಿಗೆಯ ಹರಿತ ಎಳ್ಳಷ್ಟೂ ಕಡಿಮೆಯಾಗಲಿಲ್ಲ, ಎಡಗಾಲು ಮಾತ್ರ ಮತ್ತೆ ಹೇಳಿದ ಮಾತು ಕೇಳಲಿಲ್ಲ. ಅಂದಿನಿಂದ ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಕುರ್ಚಿಗೆ, ಎತ್ತುವುದೆಲ್ಲ ಸೊಸೆಯ ಪಾಲಿನ ಕೆಲಸವಾಯಿತು. ನೀರು ಸರಬರಾಜಿನ ಪಂಪು ನೋಡಿಕೊಳ್ಳುವ ಮಗನಿಗೆ ಬೆನ್ನಿನ ಡಿಸ್ಕು ಜಾರಿ ಎಷ್ಟೋ ವರ್ಷವಾಗಿತ್ತು. ಜಾರದಿದ್ದರೂ ಅತ್ತೆ ಅವನ ಕೈಯಲ್ಲಿ ಎತ್ತಿಸಿಕೊಳ್ಳುತ್ತಿರಲಿಲ್ಲ. "ಹೆತ್ತ ಮಗ ಆದ್ರೇನು, ಗಂಡಸು ಗಂಡಸೇ." ಒಬ್ಬ ಆಯಾಳನ್ನಾದರೂ ಇಟ್ಟುಕೊಳ್ಳೋಣ ಎಂದರೆ, "ಅವಳು ಯಾರೋ, ಎತ್ತುವಾಗ ಏನು ಯೋಚನೆ ಮಾಡ್ತಾ ಇರ್ತಾಳೋ" ಎಂದು ಮುಖ ತಿರುಗಿಸುತ್ತಿದ್ದರು.

ಅಷ್ಟು ಹೊತ್ತಿಗೆ ಕಡ್ಡಿಯಂಥ ಸೊಸೆ ಕಂಬವಾಗಿದ್ದಳು. ಅವಳದು ಶಾಲೆಯ ಮಕ್ಕಳ ವ್ಯಾನು ಓಡಿಸುವ ಕೆಲಸ. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಹೋಗುವುದು, ಸಂಜೆ ತುಂಬಿಕೊಂಡು ಬರುವುದು, ಎರಡು ಸಲವೂ ಸ್ಟೇರಿಂಗಿನ ಮುಂದೆ ಕೂತಲ್ಲೇ ಕೂರುವುದು. ಮಕ್ಕಳು ಬಿಟ್ಟುಹೋದ ಬಿಸ್ಕತ್ತು, ಮುಟ್ಟದ ಬನ್ನು ಯಾವುದೂ ಹಾಳಾಗದಂತೆ ನೋಡಿಕೊಂಡು ನೋಡಿಕೊಂಡು ಸೀಟ್ ಬೆಲ್ಟಿಗೆ ಅವಳನ್ನು ಸುತ್ತುವುದು ಕಷ್ಟವಾಗತೊಡಗಿತು. ಮಕ್ಕಳು ಅವಳನ್ನು ವ್ಯಾನಮ್ಮ ಎನ್ನುತ್ತಿದ್ದರು. ಅವರಿಂದ ಬೀದಿಯವರು ಕಲಿತರು, ಬೀದಿಯವರಿಂದ ಗಂಡ ಕಲಿತ. ಹಲ್ಲು ಬಿದ್ದ ಒಂದು ಹುಡುಗಿ ಒಮ್ಮೆ, "ವ್ಯಾನಮ್ಮ, ನೀವು ಇಳಿದಾಗ ವ್ಯಾನು ಉಸ್ಸಂತ ಮೇಲೇಳತ್ತೆ" ಎಂದಿತು. ಮಗು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಏಳುತ್ತಿತ್ತು.

ಮಂಡಿ ನೋವೆಂದು ಡಾಕ್ಟರ ಹತ್ತಿರ ಹೋದರೆ ಅವರು ಮಂಡಿಯನ್ನು ಮುಟ್ಟಲೂ ಇಲ್ಲ. ತಕ್ಕಡಿ ತೋರಿಸಿದರು. ಸಕ್ಕರೆ ಅಂಚಿಗೆ ಬಂದು ನಿಂತಿದೆ, ರಕ್ತದೊತ್ತಡ ಅಂಚು ದಾಟಿದೆ, ಭಾರ ಇಳಿಸದಿದ್ದರೆ ಅತ್ತೆಯ ಪಕ್ಕದಲ್ಲೇ ಇನ್ನೊಂದು ಗಾಲಿಕುರ್ಚಿ ಹಾಕಿಸಬೇಕಾಗುತ್ತದೆ ಎಂದರು.

ವ್ಯಾನಮ್ಮ ಹಿಡಿದ ಹಟ ಬಿಡುವವಳಲ್ಲ. ಮನೆಗೆ ಬಂದವಳೇ ಹೊಟ್ಟೆಗೆ ಬೀಗ ಹಾಕಿದಳು. ಬೆಳಿಗ್ಗೆ ಒಂದು ಲೋಟ ಬಿಸಿನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಗಂಡ, ಮಗಳು, ಅತ್ತೆ ಉಣ್ಣುವುದನ್ನು ನೋಡುವುದು. ಸ್ವಭಾವ ಹೇಗಾಯಿತೆಂದರೆ, ಗಂಡ ಚಮಚ ತಟ್ಟೆಗೆ ತಾಗಿಸಿ ಸದ್ದು ಮಾಡಿದರೂ ಅವಳಿಗೆ ಅದು ತನ್ನನ್ನು ಅಣಕಿಸಿದ ಹಾಗೆ ಕೇಳುತ್ತಿತ್ತು. ಆದರೆ ಭಾರ ಇಳಿಯಿತು. ಬಟ್ಟೆ ಸಡಿಲವಾಯಿತು. ಬೀದಿಯವರು ನಿಲ್ಲಿಸಿ ನಿಲ್ಲಿಸಿ ಹೊಗಳಿದರು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಬಿಟ್ಟರೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಅತ್ತೆಯನ್ನು ಮಂಚದಿಂದ ಎತ್ತಲು ಹೋದಳು. ಅರ್ಧ ಎದ್ದಿದ್ದರು. ಅಷ್ಟರಲ್ಲಿ ಅವಳ ತೋಳು ಗಡಗಡ ನಡುಗಿತು, ತೊಡೆ ಕೈಕೊಟ್ಟಿತು, ಇಬ್ಬರೂ ಒಟ್ಟಿಗೆ ಮಂಚದ ಅಂಚಿಗೆ ಧೊಪ್ಪೆಂದು ಕುಸಿದರು.

ಅತ್ತೆ ಸೆರಗು ಸರಿಮಾಡಿಕೊಂಡು, "ನಾನು ದಪ್ಪ ಆಗಿದ್ದೀನಾ?" ಎಂದು ಕೇಳಿದರು.

"ನೀವಲ್ಲ ಅತ್ತೆ. ನಾನು ತೆಳ್ಳಗಾಗಿದ್ದೀನಿ."

"ಅದಕ್ಕೇನಾ ಇಷ್ಟು ದಿನ ಉಪವಾಸ ಬಿದ್ದಿದ್ದು?" ಎಂದರು ಅತ್ತೆ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಭಯವಿತ್ತು. ಇನ್ನು ತನ್ನನ್ನು ಯಾರು ಎತ್ತುತ್ತಾರೆ ಎಂಬ ಲೆಕ್ಕ ಆ ಕಣ್ಣಲ್ಲಿ ಓಡುತ್ತಿದ್ದುದು ವ್ಯಾನಮ್ಮನಿಗೆ ಕಂಡಿತು. ಕಂಡಿದ್ದನ್ನು ಕಾಣದ ಹಾಗೆ ಮಾಡಲು ಆಗಲಿಲ್ಲ.

ಡಾಕ್ಟರು ಈ ಸಲ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಭಾರ ಇಳಿಸಿ ಅಂದೆ, ಬಲ ಇಳಿಸಿ ಅನ್ನಲಿಲ್ಲ. ಹೀಗೆ ಬರಿ ಹೊಟ್ಟೇಲಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗಿಹೋಗತ್ತೆ. ಊಟ ಮಾಡಿ. ಮೊಟ್ಟೆ, ಬೇಳೆ, ಹಾಲು. ಹೋಗಿ ಭಾರ ಎತ್ತೋದನ್ನ ಕಲೀರಿ."

"ಭಾರ ಇಳಿಸೋಕೆ ಭಾರ ಎತ್ತಬೇಕಾ?"

"ಹೂಂ."

"ಇದನ್ನ ಮೊದಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಡಾಕ್ಟ್ರೇ?"

ಜಿಮ್ಮು ಇದ್ದದ್ದು ಟೈರ್ ಅಂಗಡಿಯ ಮೇಲೆ. ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ, ಒಳಗೆ ಕಬ್ಬಿಣದ ವಾಸನೆ. ಕಲಿಸುವವಳು ಸಣ್ಣ ವಯಸ್ಸಿನ ಗಟ್ಟಿ ಹುಡುಗಿ. ಹೆಗಲು ಬಾಗಿಲಿನಷ್ಟು ಅಗಲ, ದನಿ ಗುಬ್ಬಿಯಷ್ಟು. ಬಾಯಿ ತೆರೆದರೆ "ಆಂಟಿ."

"ಆಂಟಿ ಅನ್ನಬೇಡ ನನ್ನ."

"ಸರಿ ಅಕ್ಕಾ. ಇದನ್ನ ಹಿಡ್ಕೊಳ್ಳಿ."

ಕೊಟ್ಟಿದ್ದು ಒಂದು ಕೋಲು. ನೆಲ ಒರೆಸುವ ಕೋಲಿನ ಉಳಿದರ್ಧ. ಸುತ್ತಲೂ ಬೇರೆಯವರು ಗಾಲಿಯಷ್ಟು ದೊಡ್ಡ ಕಬ್ಬಿಣದ ಬಿಲ್ಲೆಗಳನ್ನು ಎತ್ತಿ ಇಳಿಸುತ್ತಿರುವಾಗ ವ್ಯಾನಮ್ಮ ಕೋಲು ಹಿಡಿದು ಮುಕ್ಕಾಲಿಯ ಮೇಲೆ ಕೂರುವುದು, ಏಳುವುದು, ಕೂರುವುದು, ಏಳುವುದು. ವಾರಗಟ್ಟಲೆ ಅದೇ. ಹುಡುಗಿಯ ಬಾಯಲ್ಲಿ ಒಂದೇ ಪಾಠ: "ಸೊಂಟದಿಂದ ಅಕ್ಕಾ, ಬೆನ್ನಿಂದ ಅಲ್ಲ. ಎದೆ ಮುಂದೆ. ಹಿಮ್ಮಡಿ ಒತ್ತಿ."

"ಕೂತು ಏಳೋದನ್ನ ನಾನು ಹುಟ್ಟಿದಾಗಿಂದ ಮಾಡ್ತಿದ್ದೀನಿ ಕಣಮ್ಮ."

"ಹುಟ್ಟಿದಾಗಿಂದ ತಪ್ಪಾಗಿ ಮಾಡ್ತಿದ್ದೀರಿ ಅಕ್ಕಾ."

ಮಾರನೆಯ ದಿನ ಕ್ಲಚ್ಚು ಒತ್ತಲು ಕಾಲು ಎತ್ತಿದರೆ ಪ್ರಾಣವೇ ಎದ್ದು ಬಾಯಿಗೆ ಬಂತು. ತಿರುವಿನಲ್ಲಿ ಅವಳು ನರಳಿದ್ದಕ್ಕೆ ಹಿಂದಿನ ಸೀಟಿನ ಮಕ್ಕಳೆಲ್ಲ ಸೇರಿ ನರಳಿದರು. ಮುಂದಿನ ತಿರುವಿನಲ್ಲಿ ಅವಳು ನರಳದಿದ್ದರೂ ಅವರು ನರಳಿದರು. ಅದೊಂದು ಆಟವಾಗಿಬಿಟ್ಟಿತು, ಶಾಲೆಯ ಗೇಟಿನ ತನಕ ವ್ಯಾನು ಆಸ್ಪತ್ರೆಯ ವಾರ್ಡಿನ ಹಾಗೆ ನರಳುತ್ತ ಹೋಗುತ್ತಿತ್ತು.

ಹೊಟ್ಟೆಯದು ಇನ್ನೊಂದು ಗೋಳು. ತಿನ್ನಬಾರದು ಎಂದು ಕಷ್ಟಪಟ್ಟು ಕಲಿತವಳಿಗೆ ಈಗ ತಿನ್ನಲೇಬೇಕು ಎಂಬ ಶಿಕ್ಷೆ. ಮೊಟ್ಟೆ ಬೇಯಿಸಿ ಬೇಯಿಸಿ ಅಡುಗೆಮನೆಯ ಗಾಳಿಗೇ ಸಾಕಾಯಿತು. ಇಷ್ಟೆಲ್ಲ ಮಾಡಿ ತಕ್ಕಡಿಯ ಮೇಲೆ ನಿಂತರೆ ಮುಳ್ಳು ಕೆಳಗೆ ಹೋಗುವುದಿರಲಿ, ಒಂದು ಕೂದಲು ಮೇಲೆ ಹೋಗಿತ್ತು.

"ಇದೇನ್ರೀ ಇದು" ಎಂದು ಗಂಡನನ್ನು ಕೂಗಿದಳು, ಅವನೇ ತಕ್ಕಡಿಯೊಳಗೆ ಕೂತು ಮುಳ್ಳು ತಿರುಗಿಸಿದ ಹಾಗೆ.

ಗಂಡ ಬಗ್ಗಿ ನೋಡಲಿಲ್ಲ, ಬಗ್ಗಲು ಅವನ ಬೆನ್ನು ಒಪ್ಪುವುದಿಲ್ಲ. ನಿಂತಲ್ಲಿಂದಲೇ, "ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು" ಎಂದ.

"ನಿಮ್ಮಮ್ಮನ್ನ ಎತ್ತೋಕೆ ಕಣ್ರೀ ನಾನು ಇರುವೆ ಬಿಟ್ಕೊಂಡಿರೋದು."

ಉತ್ತರವಿಲ್ಲದಾಗ ಅವನು ಹಲ್ಲುಜ್ಜಲು ಹೋಗುತ್ತಿದ್ದ, ಹೊತ್ತು ಯಾವುದಾದರೂ ಸರಿ.

ಜಿಮ್ಮಿನ ಹುಡುಗಿ ತಕ್ಕಡಿಯ ವಿಚಾರ ಕೇಳಿ, ತಿಂಗಳಿಗೊಮ್ಮೆ ಹತ್ತಿದರೆ ಸಾಕು, ದಿನಾ ಹತ್ತಿದರೆ ತಕ್ಕಡಿಗೂ ಬೇಸರ, ನಿಮಗೂ ಬೇಸರ ಎಂದಳು. ಆಮೇಲೆ, "ಅಷ್ಟಕ್ಕೂ ನಿಮಗೆ ಯಾಕೆ ಇಷ್ಟು ಅವಸರ ಅಕ್ಕಾ?" ಎಂದು ಕೇಳಿದಳು.

"ಅತ್ತೆನ ಎತ್ತಬೇಕು."

ಹುಡುಗಿ ನಗಲಿಲ್ಲ. ಅದೊಂದು ಕಾರಣಕ್ಕೆ ವ್ಯಾನಮ್ಮ ಅವಳ ಮಿಕ್ಕ ತಪ್ಪುಗಳನ್ನೆಲ್ಲ ಮನ್ನಿಸಿದಳು. ಹುಡುಗಿ ಒಳಗೆ ಹೋಗಿ, ದಪ್ಪ ಕ್ಯಾನ್ವಾಸಿನ ಒಂದು ಚೀಲ ತಂದು, ಅದರೊಳಗೆ ಮರಳು ತುಂಬಿ, ಬಾಯಿ ಹೊಲಿದು ಮುಕ್ಕಾಲಿಯ ಮೇಲೆ ಕೂರಿಸಿದಳು. "ಕಬ್ಬಿಣಕ್ಕೆ ಹಿಡಿ ಇರತ್ತೆ, ಮನುಷ್ಯರಿಗೆ ಇರಲ್ಲ. ಇನ್ನು ನೀವು ಇದನ್ನೇ ಎತ್ತಿ. ಮೈಗೆ ಒತ್ತಿ ಹಿಡೀರಿ. ಕಾಲು ಅಗಲಿಸಿ. ಎತ್ತೋ ಮುಂಚೆ ಹೇಳಿ ಎತ್ತಿ."

"ಮರಳಿಗೆ ಏನಂತ ಹೇಳಲಿ?"

"ಮನೇಲಿ ಏನು ಹೇಳ್ತೀರೋ ಅದೇ."

"ಅತ್ತೆ, ಏಳ್ತೀರಾ?" ಎಂದಳು ವ್ಯಾನಮ್ಮ ಚೀಲಕ್ಕೆ. ಪಕ್ಕದಲ್ಲಿ ಬೆವರು ಸುರಿಸುತ್ತಿದ್ದ ಗಡ್ಡದವನು ಹಿಡಿದಿದ್ದನ್ನು ಕೆಳಗಿಟ್ಟು ನಗತೊಡಗಿದ. ಅಂದಿನಿಂದ ಆ ಚೀಲಕ್ಕೆ ಅತ್ತೆ ಎಂದೇ ಹೆಸರಾಯಿತು. "ಅತ್ತೆ ದಾರೀಲಿದ್ದಾರೆ, ಸ್ವಲ್ಪ ಪಕ್ಕಕ್ಕಿಡಿ." "ಇವತ್ತು ಅತ್ತೆನ ಯಾರಾದ್ರೂ ಮುಟ್ಟಿದ್ರಾ?" "ಅತ್ತೆ ಒಂದು ಕಡೆ ಸೋರ್ತಿದ್ದಾರೆ, ಹೊಲಿಗೆ ಹಾಕಬೇಕು."

ಮನೆಯಲ್ಲಿ ಈ ವಿಚಾರ ಬಾಯಿಬಿಡಬಾರದಿತ್ತು. ಆದರೆ ಬೇಸತ್ತ ಹೆಂಗಸಿನ ಬಾಯಿ ಯಾವಾಗ ತೆರೆಯುತ್ತದೆ ಎಂದು ಯಾರು ಹೇಳಬಲ್ಲರು? ಒಂದು ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ ಎಲ್ಲ ಹೇಳಿಬಿಟ್ಟಳು. ಅತ್ತೆಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದರೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕೇಳಿದರು.

"ಆ ಅತ್ತೆ ಎಷ್ಟು ಭಾರ ಇದ್ದಾಳೆ?"

"ನಿಮ್ಮ ಅರ್ಧ ಇರಬಹುದು."

"ಅವಳನ್ನ ಎತ್ತೋದು ಸುಲಭಾನಾ?"

"ಪರವಾಗಿಲ್ಲ. ಅವಳು ಎತ್ತುವಾಗ ಮಾತಾಡಲ್ಲ ನೋಡಿ."

ಅತ್ತೆ ಹೂಂ ಎಂದರು. ಆ ಹೂಂ ಒಳಗೆ ಏನಿತ್ತೆಂದು ಸೊಸೆ ಕೇಳಲಿಲ್ಲ. ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿ, ಮೊಟ್ಟೆ ಬೇಯಿಸಲು ಹೋದಳು.

ಕೆಲವು ವಾರ ಕಳೆದವು. ಮನೆಯಲ್ಲಿ ಒಂದು ಸೋಜಿಗ ಶುರುವಾಯಿತು. ಅತ್ತೆಯನ್ನು ಎತ್ತುವುದು ಸುಲಭವಾಗತೊಡಗಿತು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ, ಆಮೇಲೆ ಹತ್ತಿಯ ದಿಂಬು ಎತ್ತಿದಷ್ಟು. ವ್ಯಾನಮ್ಮನಿಗೆ ಹಿಡಿಸಲಾರದಷ್ಟು ಹೆಮ್ಮೆ. ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡಳು. ಗಂಡನಿಗೆ ಒತ್ತಿ ನೋಡಲು ಹೇಳಿದಳು. ಅವನು ಒತ್ತಿ, "ಗಟ್ಟಿ ಇದೆ" ಎಂದ. ಅದು ಮೊದಲಿನ ಕೊಬ್ಬೋ ಹೊಸ ಬಲವೋ ಗೊತ್ತಾಗದ ಮುಖದಲ್ಲಿ ಎಂದ.

ಆದರೆ ಜಿಮ್ಮಿಗೆ ಹೋದರೆ ಆ ಹೆಮ್ಮೆ ಮೆಟ್ಟಿಲಲ್ಲೇ ಉಳಿಯುತ್ತಿತ್ತು. ಮನೆಯ ಅತ್ತೆ ಹಗುರ, ಮರಳಿನ ಅತ್ತೆ ಭಾರ. ಚೀಲ ಎತ್ತುವಾಗ ಇನ್ನೂ ಮೊದಲಿನ ಹಾಗೇ ಕೆನ್ನೆ ಉಬ್ಬುತ್ತಿತ್ತು, ತೊಡೆ ಉರಿಯುತ್ತಿತ್ತು, ಬಾಯಲ್ಲಿ ಮಕ್ಕಳೆದುರು ಆಡಬಾರದ ಮಾತು ಬರುತ್ತಿತ್ತು. ಹುಡುಗಿ ಕಣ್ಣು ತಪ್ಪಿಸಿ ಮರಳು ಸುರಿದಿದ್ದಾಳೆ ಎಂದೇ ಅವಳ ಗುಮಾನಿ.

"ಮನೇಲಿ ಒಂದೇ ಏಟಿಗೆ ಎತ್ತೀನಿ. ಇಲ್ಲಿ ಯಾಕೆ ಹೀಗೆ? ನಿನ್ನ ಚೀಲದಲ್ಲೇ ಏನೋ ಮೋಸ ಇದೆ."

"ಚೀಲ ಹೊಲಿದ ಮೇಲೆ ನಾನು ಬಿಚ್ಚೇ ಇಲ್ಲ ಅಕ್ಕಾ."

"ಹಾಗಾದ್ರೆ ಮರಳು ತಾನೇ ಮರಿ ಹಾಕ್ತಿದೆಯಾ?"

"ನಿಮ್ಮ ಬಲ ಬರ್ತಿದೆ, ನಿಧಾನಕ್ಕೆ ಬರ್ತಿದೆ. ಮರಳು ಸುಳ್ಳು ಹೇಳಲ್ಲ" ಎಂದು ಹುಡುಗಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. "ಮನೆಯ ಅತ್ತೆ ಚೆನ್ನಾಗಿದ್ದಾರೆ ತಾನೇ?"

"ಅವರಿಗೇನು ಧಾಡಿ" ಎಂದು ವ್ಯಾನಮ್ಮ ರೇಗಿಕೊಂಡು ಮೆಟ್ಟಿಲಿಳಿದಳು. ಕಣ್ಣೆದುರು ಇದ್ದದ್ದು ಕಾಣಿಸದಿದ್ದರೆ ಕನ್ನಡಕ ಕೊಡಬಹುದು. ಹೆಮ್ಮೆ ಅಡ್ಡ ಬಂದರೆ ಯಾವ ಕನ್ನಡಕ ಕೊಡುವುದು?

ಬಯಲಾದದ್ದು ಮಗಳಿಂದ. ಶಾಲೆಗೆ ಹೊರಡುವ ಹೊತ್ತು, ವ್ಯಾನು ಕೆಳಗೆ ಸದ್ದು ಮಾಡುತ್ತ ನಿಂತಿದೆ, ಮಗಳು ಕೋಣೆಯಿಂದ ಹೊರಗೆ ಬರಲೊಲ್ಲಳು. ಹೋಗಿ ನೋಡಿದರೆ ಸ್ಕರ್ಟಿನ ಕೊಕ್ಕೆ ಕಿತ್ತು ಗೋಡೆಗೆ ಹಾರಿದೆ, ಹುಡುಗಿ ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತಿದೆ.

"ಹೋದ ತಿಂಗಳು ತಾನೇ ಹೊಲಿಸಿದ್ದು. ಏನು ತಿಂತಿದ್ದೀಯೇ ನೀನು?"

"ನಂದು."

"ನಿಂದು ಅಂದ್ರೆ?"

"ನಂದು. ಮತ್ತೆ ಅಜ್ಜೀದು."

ವ್ಯಾನಮ್ಮ ಅಲ್ಲೇ ಕೂತಳು. ಒಂದೊಂದಾಗಿ ಹೊರಬಂತು. ಅಮ್ಮ ವ್ಯಾನು ತೆಗೆಯಲು ಕೆಳಗಿಳಿದ ಮೇಲೆ ಅಜ್ಜಿ ತಟ್ಟೆ ಮೊಮ್ಮಗಳ ಕಡೆ ಸರಿಸುತ್ತಾರೆ. ಮೊಟ್ಟೆ ಇಡಿಯಾಗಿ, ಬ್ರೆಡ್ಡು ಇಡಿಯಾಗಿ, ಅನ್ನದಲ್ಲಿ ಅರ್ಧ. ಅಮ್ಮನಿಗೆ ಹೇಳಬಾರದು, ಹೇಳಿದರೆ ಅಜ್ಜಿಗೆ ದಪ್ಪ ಆಗುವ ಖಾಯಿಲೆ ಎಂದು ಡಾಕ್ಟರು ಕರೆದುಕೊಂಡು ಹೋಗುತ್ತಾರಂತೆ. ಮಗು ಅಜ್ಜಿಯನ್ನು ಉಳಿಸಲು ಎರಡಾಳಿನ ಊಟ ಉಂಡಿತ್ತು. ಸ್ಕರ್ಟು ಪಾಪ ಒಂದಾಳಿನದು.

ಅತ್ತೆಯ ಕೋಣೆಗೆ ಹೋಗಿ ವ್ಯಾನಮ್ಮ ಹೊದಿಕೆ ಸರಿಸಿದಳು. ದಿನಾ ಎತ್ತಿದ ಮೈಯೇ ಅದು. ಈಗ ನೋಡಿದಳು. ಕೊರಳ ಮೂಳೆಯ ಹಿಂದೆ ಒಂದು ಹಿಡಿ ನೀರು ನಿಲ್ಲುವಷ್ಟು ಗುಂಡಿ. ಮುಂಗೈ ತಿರುವಿದರೆ ಚರ್ಮ ಒಂದು ಕಡೆ, ಮೂಳೆ ಒಂದು ಕಡೆ.

"ಏನತ್ತೆ ಇದು?"

"ಏನಿದೆ? ಬಿಸಿಲಿಗೆ ಹಸಿವಾಗ್ತಿಲ್ಲ."

"ಸುಳ್ಳು ಹೇಳಬೇಡಿ. ಮಗಳ ಕೊಕ್ಕೆ ಎಲ್ಲಾ ಹೇಳ್ತು."

ಅತ್ತೆ ಕಿಟಕಿಯ ಕಡೆ ನೋಡಿದರು. ಸಿಕ್ಕಿಬಿದ್ದ ಮಕ್ಕಳು ನೋಡುವ ಹಾಗೆ. "ಆ ಮರಳಿನವಳಷ್ಟು ಆದ್ರೆ ನಿನಗೆ ಸುಲಭ ಆಗತ್ತೆ ಅಂದ್ಕೊಂಡೆ. ಅವತ್ತು ಇಬ್ಬರೂ ಬಿದ್ವಲ್ಲ. ಇನ್ನೊಂದು ಸಲ ಬಿದ್ರೆ ನೀನು ಆಯಾನ ಕರೀತೀಯ ಅಂತ ಗೊತ್ತು ನನಗೆ."

ವ್ಯಾನಮ್ಮನ ಮೈಯೆಲ್ಲ ಉರಿದುಹೋಯಿತು. ತನ್ನ ಮೇಲೋ, ಅತ್ತೆಯ ಮೇಲೋ, ಕನ್ನಡಿ ನೋಡಿ ಮಡಚಿದ ತೋಳಿನ ಮೇಲೋ, ಯಾವುದರ ಮೇಲೆ ಎಂದು ಬಿಡಿಸುವಷ್ಟು ಪುರುಸೊತ್ತಿರಲಿಲ್ಲ, ಕೆಳಗೆ ವ್ಯಾನಿನ ಹಾರ್ನು ಯಾರೋ ಮಗು ಒತ್ತುತ್ತಿತ್ತು.

"ನಾನು ಅಲ್ಲಿ ಎತ್ತೋದನ್ನ ಕಲೀತಿದ್ದೀನಿ, ನೀವು ಇಲ್ಲಿ ಕರಗೋದನ್ನ ಕಲೀತಿದ್ದೀರಿ. ಹೀಗೇ ಹೋದ್ರೆ ನಾನು ಬಲಭೀಮ ಆಗೋ ಹೊತ್ತಿಗೆ ಎತ್ತೋಕೆ ಮಂಚದ ಮೇಲೆ ಯಾರೂ ಇರಲ್ಲ. ಬರೀ ಹೊದಿಕೆ ಮಡಚಬೇಕು ಅಷ್ಟೇ."

"ಒಳ್ಳೇದಕ್ಕೇ ಅಲ್ವೇನೇ ಮಾಡಿದ್ದು."

"ಇಂಥಾ ಒಳ್ಳೇದನ್ನ ಇನ್ನು ನನಗೆ ಹೇಳದೆ ಮಾಡಬೇಡಿ. ಬಾಯಿ ತೆಗೀರಿ."

ಅಂದು ವ್ಯಾನು ತಡವಾಯಿತು. ಮಕ್ಕಳೆಲ್ಲ ಕಾರಣ ಕೇಳಿದರು. "ನಮ್ಮ ಮನೇಲಿ ಒಂದು ದೊಡ್ಡ ಮಗು ಊಟ ಮಾಡಲ್ಲ ಅಂತ ಹಟ ಹಿಡಿದಿತ್ತು" ಎಂದಳು. ಅವರಿಗೆ ಅದು ಸರಿಯಾದ ಕಾರಣವೆಂದೇ ಅನ್ನಿಸಿತು.

ಜಿಮ್ಮಿನ ಹುಡುಗಿ ಇದನ್ನು ಕೇಳಿ ನೆಲದ ಮೇಲೆ ಕೂತು, ತಲೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಎದ್ದು, ಅತ್ತೆಗೂ ಕೆಲಸ ಕೊಟ್ಟಳು: ಕುರ್ಚಿಯಲ್ಲಿ ಕೂತಲ್ಲೇ ಬಲಗಾಲು ನೀಡಿ ಹಿಡಿಯುವುದು, ರಬ್ಬರಿನ ಪಟ್ಟಿ ಎಳೆಯುವುದು, ಸೊಸೆಯ ಕೈ ಹಿಡಿದು ಅರ್ಧ ಏಳುವುದು. ಎಳೆಯುವಾಗ ಅತ್ತೆಯ ಬಾಯಲ್ಲೂ ಆಡಬಾರದ ಮಾತು ಬಂತು. ಮಗಳು ಅವನ್ನೆಲ್ಲ ಕಲಿತು ಶಾಲೆಗೆ ಕೊಂಡೊಯ್ದಳು. ಶಾಲೆಯಿಂದ ದೂರು ಬಂತು. ಉತ್ತರ ಕೊಡಲು ವ್ಯಾನಮ್ಮ ಗಂಡನನ್ನು ಕಳಿಸಿದಳು. ಅವನು ಹಲ್ಲುಜ್ಜಿಕೊಂಡು ಹೋದ.

ಮೊದಲು ಅತ್ತೆಯ ಮೈ ತುಂಬಿತು, ಆಮೇಲೆ ಮುಖ ತುಂಬಿತು. ಭಾರ ವಾಪಸು ಬಂದಂತೆಲ್ಲ ವ್ಯಾನಮ್ಮನಿಗೆ ಎತ್ತುವುದು ಮತ್ತೆ ಕಷ್ಟವಾಯಿತು, ಅವಳು ಮತ್ತೆ ಗೊಣಗಿದಳು. ಆದರೆ ಈ ಸಲದ ಕಷ್ಟ ಅವಳಿಗೆ ಗೊತ್ತಿದ್ದ ಕಷ್ಟ. ಕಾಲು ಅಗಲಿಸುವುದು, ಮೈಗೆ ಒತ್ತುವುದು, ಸೊಂಟ ಇಳಿಸುವುದು, ಹಿಮ್ಮಡಿ ನೆಲಕ್ಕೆ ಕೊಡುವುದು. ಮರಳಿನ ಚೀಲಕ್ಕೆ ಹುಡುಗಿ ಮತ್ತೆ ಮರಳು ತುಂಬಿದಳು, ಮತ್ತೆ ತುಂಬಿದಳು, ಈಗ ಹೇಳಿಯೇ ತುಂಬಿದಳು. ವ್ಯಾನಮ್ಮನ ಭಾರವೂ ಇಳಿಯುತ್ತಿತ್ತು, ಆಮೆಯ ಹಾಗೆ, ಕೋಪ ಬರುವಷ್ಟು ನಿಧಾನವಾಗಿ. ಅವಳು ಇಳಿದಾಗ ವ್ಯಾನು ಈಗ ಉಸ್ ಎನ್ನುತ್ತಿರಲಿಲ್ಲ. ಹಲ್ಲು ಬಿದ್ದ ಹುಡುಗಿಗೆ ಹೊಸ ಹಲ್ಲು ಬಂದಿತ್ತು. ಆಕೆ ಈ ವಿಚಾರವನ್ನು ಗಮನಿಸಲೂ ಇಲ್ಲ.

ಒಂದು ಬೆಳಿಗ್ಗೆ ವ್ಯಾನಮ್ಮ, "ಅತ್ತೆ, ಏಳ್ತೀರಾ?" ಎಂದಳು. ಅತ್ತೆ ಹೂಂ ಎಂದರು. ಎದ್ದರು. ಯಾರ ತೋಳೂ ನಡುಗಲಿಲ್ಲ. ಪೂರ್ತಿ ಭಾರದ ಅತ್ತೆ, ಬೆಳಿಗ್ಗೆ ಮೊಟ್ಟೆ ತಿಂದ ಅತ್ತೆ, ಒಂದೇ ಉಸಿರಿಗೆ ಮಂಚದಿಂದ ಕುರ್ಚಿಗೆ ಬಂದು ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೋಸ ಇಲ್ಲ ತಾನೇ?" ಎಂದಳು ಸೊಸೆ.

"ತೂಕ ಹಾಕಿ ನೋಡ್ಕೋ" ಎಂದರು ಅತ್ತೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಲ ಎಂಬುದು ಬಂದವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಸೊಸೆ ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದಾಗ, ಅತ್ತೆಗೆ ಬಚ್ಚಲಿಗೆ ಹೋಗಬೇಕೆನ್ನಿಸಿತು. ಕರೆಯಬಹುದಿತ್ತು. ಕರೆಯಲಿಲ್ಲ. ಬಲಗಾಲು ಈಗ ಗಟ್ಟಿಯಿದೆ, ಗೋಡೆ ಪಕ್ಕದಲ್ಲೇ ಇದೆ, ನಾಲ್ಕು ಹೆಜ್ಜೆ ಎಂದುಕೊಂಡು ತಾನೇ ಎದ್ದರು.

ಸದ್ದು ಕೇಳಿ ವ್ಯಾನಮ್ಮ ಓಡಿದಳು. ಅತ್ತೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಪ್ರಜ್ಞೆ ಇತ್ತು, ಮಾತಿತ್ತು.

"ಏನಾಗಿಲ್ಲ. ಎತ್ತು."

"ಯಾಕತ್ತೆ ಕರೀಲಿಲ್ಲ? ನಾನು ಇಲ್ಲೇ ಇದ್ದೆ. ಇಲ್ಲೇ ಸತ್ತಿದ್ದೆ, ಬೇಳೆ ತೊಳೀತಾ."

"ಆಮೇಲೆ ಬೈಯಿ. ಮೊದಲು ಎತ್ತು."

ವ್ಯಾನಮ್ಮ ಕಾಲು ಅಗಲಿಸಿ ಕೂತಳು. ಸೊಂಟ ತಾನಾಗಿ ಇಳಿಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಒಂದು ತೋಳು ಅತ್ತೆಯ ಬೆನ್ನಿನ ಹಿಂದೆ ಹೋಯಿತು. ಎತ್ತಬಲ್ಲಳು. ಎತ್ತಬಲ್ಲಳು ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ನೆಲದಿಂದ ಚೀಲ ಎತ್ತಿ ಎತ್ತಿ ಮೈಗೆ ಆ ದಾರಿ ಕಣ್ಣು ಮುಚ್ಚಿದರೂ ಗೊತ್ತಿತ್ತು. ಇನ್ನೊಂದು ಕೈ ತೊಡೆಯ ಕೆಳಗೆ ಇಡಲು ಹೋದಾಗ ಅತ್ತೆಯ ಬಾಯಿಂದ ಒಂದು ಸದ್ದು ಬಂತು. ಮಾತಲ್ಲ, ಬೈಗುಳವೂ ಅಲ್ಲ. ವ್ಯಾನಮ್ಮ ಕೈ ತೆಗೆದು ನೋಡಿದಳು. ಎಡಗಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ಪಾದ ಪೂರ್ತಿ ಹೊರಗೆ ತಿರುಗಿಕೊಂಡಿತ್ತು.

"ಅತ್ತೆ, ಮೂಳೆ ಮುರಿದಿದೆ."

"ಮುರಿದಿದ್ರೆ ಮುರೀಲಿ. ಮಂಚದ ಮೇಲೆ ಹಾಕು. ಆಮೇಲೆ ಡಾಕ್ಟರ್ ಬರಲಿ."

"ಅಲ್ಲಾಡಿಸಬಾರದು. ಈಗ ನಾನು ಎತ್ತಿದ್ರೆ ಒಳಗೆ ಇನ್ನೂ ಕೆಡತ್ತೆ."

"ನಿನಗೆ ಆಗಲ್ವಾ?"

"ಆಗತ್ತೆ."

"ಮತ್ತೆ?"

ವ್ಯಾನಮ್ಮ ಅತ್ತೆಯ ತಲೆಯ ಕೆಳಗೆ ಒಂದು ಟವೆಲು ಮಡಚಿಟ್ಟಳು, ಮೈಮೇಲೆ ಹೊದಿಕೆ ಹಾಕಿದಳು, ಫೋನು ತೆಗೆದುಕೊಂಡು ಆಂಬುಲೆನ್ಸಿಗೆ ಹೇಳಿದಳು. ವಿಳಾಸ ಹೇಳುವಾಗ ದನಿ ಸರಿಯಾಗಿಯೇ ಇತ್ತು, ಮೂರನೆಯ ಮಹಡಿ ಎನ್ನುವಾಗ ಮಾತ್ರ ಎರಡು ಸಲ ಹೇಳಬೇಕಾಯಿತು.

"ನನಗೆ ಮಾತು ಕೊಟ್ಟಿದ್ದೆ ನೀನು" ಎಂದರು ಅತ್ತೆ.

"ಕೊಟ್ಟಿದ್ದೆ."

"ನೆನಪಿದೆಯಾ?"

"ನೆನಪಿಲ್ಲದೆ ಏನತ್ತೆ? ಇಷ್ಟು ದಿನ ಮತ್ತೆ ಯಾತಕ್ಕೆ ಆ ಮೊಟ್ಟೆಗಳನ್ನ ತಿಂದೆ?"

ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ವ್ಯಾನಮ್ಮ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಬಲಗೈ ಹಿಡಿದುಕೊಂಡಳು. ಆ ಕೈ ಅವಳ ಕೈಯನ್ನು ಹಿಡಿಯಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಒಲೆಯ ಮೇಲೆ ಇಟ್ಟಿದ್ದ ನೀರು ಕುದಿದು ಕುದಿದು ಬತ್ತುವ ಸದ್ದು ಕೇಳುತ್ತಿತ್ತು. ಎದ್ದು ಆರಿಸಿ ಬಂದು ಮತ್ತೆ ಕೂತಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸಮವಸ್ತ್ರದ ಇಬ್ಬರು ಗಂಡಸರು ಒಳಗೆ ಬಂದರು, ಕಾಲು ನೋಡಿದರು, "ಅಲ್ಲಾಡಿಸಿಲ್ಲ ತಾನೇ? ಒಳ್ಳೇದು ಮಾಡಿದ್ರಿ" ಎಂದರು. ಆ ಹೊಗಳಿಕೆ ಅವಳಿಗೆ ಬೇಕಾಗಿರಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿದರು. ಹಲಗೆಯನ್ನು ಪಕ್ಕಕ್ಕೆ ತಂದರು. ವ್ಯಾನಮ್ಮ ಒಂದು ಮೂಲೆ ಹಿಡಿಯಲು ಬಗ್ಗಿದಳು.

"ನೀವು ಬಿಡಿ ಅಮ್ಮ, ದಾರಿ ಕೊಡಿ" ಎಂದ ಒಬ್ಬ.

ದಾರಿ ಕೊಟ್ಟಳು. ಹೊರಗಿನವರು ಅತ್ತೆಯನ್ನು ಎತ್ತಿದರು. ಸೊಸೆ ಕೊಟ್ಟ ಮಾತು ಮುರಿಯಿತು.